ತರಂಗದ ಜವ: ಆವೃತ್ತಿ ಮತ್ತು ತರಂಗದೂರದಿಂದ ಲೆಕ್ಕ

ತರಂಗವೊಂದು ಒಂದು ಸೆಕೆಂಡಿನಲ್ಲಿ ಸಾಗುವ ದೂರವೇ ಅದರ ಜವ. ಒಂದು ಸೆಕೆಂಡಿನಲ್ಲಿ ಹೊರಡುವ ಅಲೆಗಳ ಸಂಖ್ಯೆ ಆವೃತ್ತಿ. ಇದರ ಏಕಮಾನ ಹರ್ಟ್ಸ್. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ ತರಂಗದೂರ. ಸೆಕೆಂಡಿಗೆ 5 ಅಲೆಗಳು ಹೊರಟು, ಒಂದೊಂದೂ 2 ಮೀಟರ್ ಉದ್ದವಿದ್ದರೆ, ಮೊದಲು ಹೊರಟ ಅಲೆಯ ತಲೆ ಅಷ್ಟರಲ್ಲಿ 10 ಮೀಟರ್ ದಾಟಿರಲೇಬೇಕು. ಹೀಗಾಗಿ ಜವ = ಆವೃತ್ತಿ × ತರಂಗದೂರ.

ಸೂತ್ರ ಚಿಕ್ಕದು. ಆದರೆ ಮೂರರಲ್ಲಿ ಯಾವುದನ್ನು ಏನು ನಿಗದಿ ಮಾಡುತ್ತದೆ ಎಂಬುದು ತಿಳಿಯದೆ ಅದು ಅರ್ಥವಾಗುವುದಿಲ್ಲ. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರ ಹಿಂದೆ ಸದಾ ಮಿಡಿಯುತ್ತಿದ್ದ ತಂಬೂರಿಯಲ್ಲಿ ಇದನ್ನು ಚೆನ್ನಾಗಿ ಕಾಣಬಹುದು.

ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಿಡಿಯುವ ತಂತಿಯ ಉದ್ದ ಸುಮಾರು 1 ಮೀಟರ್ ಎಂದಿಟ್ಟುಕೊಳ್ಳೋಣ. ಎರಡೂ ತುದಿ ಬಿಗಿದಿರುವುದರಿಂದ ಮೂಲಸ್ವರದಲ್ಲಿ ಅರ್ಧ ಅಲೆ ಮಾತ್ರ ಅದರಲ್ಲಿ ಹಿಡಿಸುತ್ತದೆ. ತರಂಗದೂರ 2 ಮೀಟರ್. ಷಡ್ಜ ನುಡಿಯುವ ಜೋಡಿ ತಂತಿಯನ್ನು ಹಾರ್ಮೋನಿಯಂನ ಕಪ್ಪು ಒಂದಕ್ಕೆ, ಅಂದರೆ 138.6 ಹರ್ಟ್ಸ್‌ಗೆ, ಕೂಡಿಸಿದರೆ ತಂತಿಯ ಮೇಲೆ ಅಲೆಯ ಜವ ಸೆಕೆಂಡಿಗೆ 277.2 ಮೀಟರ್. ಪಕ್ಕದ ಖರ್ಜದ ತಂತಿಯೂ ಅಷ್ಟೇ ಉದ್ದ, ಅದೇ ತರಂಗದೂರ. ಆದರೂ ಸ್ವರ ಒಂದು ಸಪ್ತಕ ಕೆಳಗೆ, 69.3 ಹರ್ಟ್ಸ್, ಜವ 138.6 ಮೀಟರ್, ಸರಿಯಾಗಿ ಅರ್ಧ. ಹಿತ್ತಾಳೆಯ ಆ ದಪ್ಪ ತಂತಿಯ ಭಾರವೇ ಅಲೆಯನ್ನು ನಿಧಾನಿಸುತ್ತದೆ. ಬಿರಡೆ ತಿರುವಿ ಬಿಗಿ ಹೆಚ್ಚಿಸಿದರೆ ಜವ ಏರುತ್ತದೆ, ತರಂಗದೂರ ಬದಲಾಗದ ಕಾರಣ ಸ್ವರವೂ ಏರುತ್ತದೆ. ಶ್ರುತಿ ಮಾಡುವವರು ಕಿವಿಯಿಂದ ಆವೃತ್ತಿಯನ್ನು ಹಿಡಿಯುತ್ತಾರೆ, ಬೆರಳಿನಿಂದ ಜವವನ್ನು ತಿದ್ದುತ್ತಾರೆ.

ನಾದ ತಂತಿಯಿಂದ ಗಾಳಿಗೆ ಇಳಿದೊಡನೆ ಲೆಕ್ಕ ತಿರುಗುತ್ತದೆ. ಜೋಡಿ ತಂತಿಯ ಆವೃತ್ತಿ ಅದೇ 138.6 ಹರ್ಟ್ಸ್, ಅದನ್ನು ಬದಲಿಸುವ ಶಕ್ತಿ ಗಾಳಿಗಿಲ್ಲ. ಜವ ಮಾತ್ರ ಈಗ ಗಾಳಿಯದು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 346 ಮೀಟರ್. ಭಾಗಿಸಿದರೆ ತರಂಗದೂರ 2.5 ಮೀಟರಿನಷ್ಟು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮಧ್ಯಾಹ್ನ ಜವ ಸುಮಾರು 355 ಮೀಟರಿಗೆ ಏರಿ, ಅದೇ ಷಡ್ಜದ ಅಲೆ 2.56 ಮೀಟರಿಗೆ ಹಿಗ್ಗುತ್ತದೆ. ಏರುದನಿಯಲ್ಲಿ ಹಾಡಿದರೆ ನಾದ ಬೇಗ ತಲುಪುತ್ತದೆ ಎಂಬ ನಂಬಿಕೆ ತಪ್ಪು: ತಾರ ಷಡ್ಜದ ಆವೃತ್ತಿ ಇಮ್ಮಡಿ, ತರಂಗದೂರ ಅರ್ಧ, ಗುಣಲಬ್ಧ ಅದೇ.

ರೇಡಿಯೋ ತರಂಗಕ್ಕೆ ಗಾಳಿಯೂ ಬೇಡ, ಅದು ಬೆಳಕಿನ ಜವದಲ್ಲೇ ಸಾಗುತ್ತದೆ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ. ತರಂಗದೂರ ಸುಮಾರು 392 ಮೀಟರ್. ಕಿಲೋಹರ್ಟ್ಸ್ ಅನ್ನು ಮೊದಲು ಹರ್ಟ್ಸ್‌ಗೆ ಇಳಿಸಬೇಕು, ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. 7,65,000 × 392 = 29,98,80,000. ನಿರ್ವಾತದಲ್ಲಿ ಬೆಳಕಿನ ಜವ ಸೆಕೆಂಡಿಗೆ 29,97,92,458 ಮೀಟರ್; ತರಂಗದೂರವನ್ನು ಪೂರ್ಣಾಂಕಕ್ಕೆ ತಂದದ್ದರಿಂದ ಈ ಅಲ್ಪ ವ್ಯತ್ಯಾಸ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1888ರ ಹೊತ್ತಿಗೆ ಭೌತವಿಜ್ಞಾನಿ ಹೈನ್ರಿಖ್ ಹರ್ಟ್ಸ್ ಹಿಡಿದದ್ದೂ ಇದೇ ದಾರಿ. ಲೋಹದ ಹಾಳೆಗೆ ಬಡಿದು ಮರಳುವ ವಿದ್ಯುತ್ಕಾಂತೀಯ ಅಲೆಗಳಲ್ಲಿ, ತಂಬೂರಿಯ ತಂತಿಯ ತುದಿಗಳಂತೆ ಅಲುಗದೆ ನಿಲ್ಲುವ ಬಿಂದುಗಳ ಅಂತರವನ್ನು ಅಳೆದು ತರಂಗದೂರ ಕಂಡುಕೊಂಡರು; ಆವೃತ್ತಿಯನ್ನು ತಮ್ಮ ವಿದ್ಯುನ್ಮಂಡಲದಿಂದ ಲೆಕ್ಕಹಾಕಿ ಗುಣಿಸಿದರು.