ಅಕ್ಷರದ ಚೌಕಳಿಯಲ್ಲಿ ಆಕೃತಿಯ ಅನ್ವೇಷಣೆ: ಒಂದು ಚಾರಿತ್ರಿಕ ವಿವೇಚನೆ

ಗಣಕವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಇಂದು ಕೊಡುವ ಸಮಸ್ಯೆಗಳಲ್ಲಿ ಒಂದು ಇಂತಿದೆ. ಅಕ್ಷರಗಳನ್ನು ಸಾಲುಸಾಲಾಗಿ ಜೋಡಿಸಿದ ಒಂದು ಚೌಕಳಿಯುಂಟು. ಅದರ ಕೆಲವು ಮನೆಗಳಲ್ಲಿ ಚುಕ್ಕಿ, ಉಳಿದವುಗಳಲ್ಲಿ ನಕ್ಷತ್ರದ ಚಿಹ್ನೆ. ನಕ್ಷತ್ರಗಳಿಂದಾದ ಆಕೃತಿಗಳು ಎಷ್ಟು, ಅವುಗಳಲ್ಲಿ ಬಳೆಯಂತೆ ಮುಚ್ಚಿಕೊಂಡವು ಯಾವುವು ಎಂಬುದನ್ನು ಯಂತ್ರವು ಕಂಡುಹಿಡಿಯುವಂತೆ ಕ್ರಮವಿಧಿಯನ್ನು ರಚಿಸಬೇಕು. ಕಣ್ಣುಳ್ಳವನಿಗೆ ಇದು ಒಂದು ನೋಟದ ಕೆಲಸವೆಂದು ತೋರುತ್ತದೆ. ಆದರೆ ಸಾಮಾನ್ಯ ಗಣಕಯಂತ್ರವು ಮನೆಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ. ಇಡಿಯ ಹಾಳೆ ಅದಕ್ಕೆ ಒಮ್ಮೆಗೇ ಕಾಣುವುದಿಲ್ಲ. ಬಿಡಿಬಿಡಿಯಾಗಿ ಓದಿದುದರಿಂದ ಇಡಿಯನ್ನು ಅರಿಯುವುದೆಂತು? ಈ ಪ್ರಶ್ನೆಯು 1955ರಿಂದ 1974ರವರೆಗೆ ಪಡೆದ ಬೆಳವಣಿಗೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1955ರಲ್ಲಿ ಅಮೆರಿಕದ ಆಲಿವರ್ ಸೆಲ್ಫ್ರಿಜ್ ಎಂಬ ವಿದ್ವಾಂಸನು ಯಂತ್ರದಿಂದ ಆಕೃತಿಗಳನ್ನು ಗುರುತಿಸುವ ಬಗೆಯನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದನು. ಒಂಟಿಯಾಗಿ ಬಿದ್ದ ಕಲೆಗಳನ್ನು ನೆರೆಮನೆಗಳ ಆಧಾರದಿಂದ ಅಳಿಸುವುದು, ಒಳಭಾಗವನ್ನು ತೆಗೆದು ಅಂಚನ್ನು ಮಾತ್ರ ಉಳಿಸುವುದು, ಇವೇ ಮೊದಲಾದ ಸರಳ ಕ್ರಿಯೆಗಳನ್ನು ಅವನು ಆಶ್ರಯಿಸಿದನು. 1957ರಲ್ಲಿ ರಸೆಲ್ ಕಿರ್ಷ್ ಎಂಬಾತನು ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ತನ್ನ ಎಳೆಯ ಮಗನ ಛಾಯಾಚಿತ್ರವೊಂದನ್ನು ಸೀಯಾಕ್ ಎಂಬ ಗಣಕಯಂತ್ರಕ್ಕೆ ಉಣಿಸಿದನು. ಆ ಚಿತ್ರವು ಪ್ರತಿಯೊಂದು ಸಾಲಿಗೆ 176 ಮನೆಗಳಂತೆ 176 ಸಾಲುಗಳಾಗಿ, ಎಂದರೆ ಒಟ್ಟು 30,976 ಮನೆಗಳಾಗಿ ಒಡೆಯಿತು. ಪ್ರತಿಯೊಂದು ಮನೆಯೂ ಕಪ್ಪು ಇಲ್ಲವೆ ಬಿಳಿ. ಮಗುವಿನ ಮುಖವು ಯಂತ್ರದ ಪಾಲಿಗೆ ಚಿಹ್ನೆಗಳ ಒಂದು ಚೌಕಳಿ ಮಾತ್ರವಾಯಿತು. ಅಂದಿನಿಂದ ಚಿತ್ರವನ್ನು ಅರಿಯುವುದೆಂದರೆ ಚೌಕಳಿಯನ್ನು ಓದುವುದೆಂದೇ ಅರ್ಥವಾಯಿತು.

ಓದುವ ವಿಧಾನವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಏಜ್ರಿಯೆಲ್ ರೋಸನ್‌ಫೆಲ್ಡ್ ಮತ್ತು ಜಾನ್ ಫಾಲ್ಟ್ಸ್ ಪ್ರಮುಖರು. ಇವರ ಪ್ರಬಂಧವು ಪ್ರಕಟವಾದುದು 1966ರಲ್ಲಿ. ಅದರ ಸಾರ ಹೀಗೆ: ಮೇಲಿನ ಸಾಲಿನಿಂದ ತೊಡಗಿ ಎಡದಿಂದ ಬಲಕ್ಕೆ ಓದುತ್ತ ಹೋಗಬೇಕು. ಕಪ್ಪು ಮನೆ ದೊರೆತಾಗ ಅದರ ಎಡಕ್ಕೂ ಮೇಲಕ್ಕೂ ಇರುವ ಮನೆಗಳನ್ನು ವಿಚಾರಿಸಬೇಕು. ಎರಡೂ ಬಿಳಿಯಾಗಿದ್ದರೆ ಹೊಸದೊಂದು ಅಂಕಿಯನ್ನೂ, ಕಪ್ಪಾಗಿದ್ದರೆ ಅವುಗಳ ಅಂಕಿಯನ್ನೇ ಕೊಡಬೇಕು. ಬಾಯಿ ಮೇಲಾಗಿ ನಿಂತ ಲಾಳವನ್ನು ಈ ರೀತಿ ಓದಿದರೆ ಅದರ ಎರಡು ತೋಳುಗಳೂ ಮೊದಲು ಬೇರೆ ಬೇರೆ ಆಕೃತಿಗಳೆಂದೇ ತೋರುತ್ತವೆ. ಒಂದಕ್ಕೆ 1, ಇನ್ನೊಂದಕ್ಕೆ 2 ಎಂಬ ಅಂಕಿ ಬೀಳುತ್ತದೆ. ತಳದ ಸಾಲಿಗೆ ಬಂದಾಗಲೇ ಅವೆರಡೂ ಒಂದೆಂಬುದು ತಿಳಿಯುವುದು. ಆಗ ಹಿಂದಿನದನ್ನು ಕೂಡಲೆ ತಿದ್ದದೆ, 1 ಮತ್ತು 2 ಸಮಾನವೆಂದು ಪ್ರತ್ಯೇಕವಾದ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಎರಡನೆಯ ಓದಿನಲ್ಲಿ ಅಂಕಿಗಳನ್ನು ಸರಿಪಡಿಸಬೇಕು. ಮುಂಚೆ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಕಂಡದ್ದರಿಂದ ತಿದ್ದಿಕೊಳ್ಳುವ ಈ ಗುಣವೇ ವಿಧಾನದ ಜೀವಾಳ.

ಆದರೆ ಇಲ್ಲಿ ಒಂದು ಸೂಕ್ಷ್ಮವಾದ ತೊಡಕು ತಲೆದೋರುತ್ತದೆ. ಪಕ್ಕಪಕ್ಕದ ಮನೆಗಳು ನೆರೆಮನೆಗಳೆಂಬುದು ನಿರ್ವಿವಾದ. ಮೂಲೆಗೆ ಮೂಲೆ ಮಾತ್ರ ತಾಗಿದ ಮನೆಗಳೂ ನೆರೆಯವೇ? ಒಂದು ಬಿಳಿ ಮನೆಯ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಕಪ್ಪು ಮನೆಯಿದೆಯೆಂದು ಭಾವಿಸೋಣ. ಮೂಲೆಯ ನಂಟನ್ನು ಒಪ್ಪದಿದ್ದರೆ ನಾಲ್ಕು ಕಪ್ಪು ಮನೆಗಳೂ ಬಿಡಿಬಿಡಿಯಾದವು, ಬಳೆಯೆಂಬುದೇ ಇಲ್ಲ; ಹೀಗಿದ್ದರೂ ನಡುವಿನ ಬಿಳಿ ಮನೆಯು ಹೊರಗಿನ ಬಿಳುಪಿನಿಂದ ಬೇರ್ಪಟ್ಟೇ ಇರುತ್ತದೆ. ಒಪ್ಪಿದರೆ ಕಪ್ಪು ಮನೆಗಳೆಲ್ಲ ಕೂಡಿ ಮುಚ್ಚಿದ ಬಳೆಯಾಗುತ್ತವೆ. ಆದರೆ ಅದೇ ನಿಯಮದಿಂದ ನಡುವಿನ ಬಿಳುಪು ಮೂಲೆಗಳ ಮೂಲಕ ಹೊರಕ್ಕೆ ನುಸುಳುತ್ತದೆ. ಮುಚ್ಚಿದ ರೇಖೆಯು ಸಮತಲವನ್ನು ಒಳಗು ಹೊರಗು ಎಂದು ವಿಭಾಗಿಸುತ್ತದೆಂಬ, ಫ್ರಾನ್ಸಿನ ಗಣಿತಜ್ಞ ಜೋರ್ಡಾನನ ಹೆಸರಿನ ಪ್ರಮೇಯವು ಚೌಕಳಿಯಲ್ಲಿ ಹೀಗೆ ಮುರಿದುಬೀಳುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ, ಆಕೃತಿಗೆ ಎಂಟು ನೆರೆಮನೆಗಳನ್ನೂ ಹಿನ್ನೆಲೆಗೆ ನಾಲ್ಕನ್ನೂ ಒಪ್ಪುವುದು. ಇಲ್ಲವೆ ಅದನ್ನು ತಿರುಗುಮುರುಗಾಗಿಸುವುದು. ರೋಸನ್‌ಫೆಲ್ಡನು 1970ರಲ್ಲಿ ಈ ವಿಷಯಕ್ಕೆ ಗಣಿತದ ತಳಹದಿಯನ್ನು ಒದಗಿಸಿದನು. ಆಕೃತಿಗಳು ಎಷ್ಟು ಎಂಬ ಪ್ರಶ್ನೆಗೆ ನೆರೆ ಎಂಬ ಮಾತಿನ ನಿರ್ವಚನವಿಲ್ಲದೆ ಉತ್ತರವೇ ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಿದ್ಯಾರ್ಥಿಗಳ ಕ್ರಮವಿಧಿಗಳು ತಪ್ಪುವುದು ಅನೇಕ ವೇಳೆ ಈ ಸ್ಥಳದಲ್ಲಿಯೇ.

1969ರಲ್ಲಿ ಮಾರ್ವಿನ್ ಮಿನ್‌ಸ್ಕಿ ಮತ್ತು ಸೀಮರ್ ಪೇಪರ್ಟ್ ತಮ್ಮ ‘ಪರ್ಸೆಪ್ಟ್ರಾನ್ಸ್’ ಗ್ರಂಥದಲ್ಲಿ ಇನ್ನೂ ಆಳವಾದ ಮಾತೊಂದನ್ನು ಸಿದ್ಧಪಡಿಸಿದರು. ಒಂದು ಯಂತ್ರದ ಪ್ರತಿಯೊಂದು ಅಂಗವೂ ಮಿತಸಂಖ್ಯೆಯ ಮನೆಗಳನ್ನು ಮಾತ್ರ ನೋಡಿ, ಆ ಅಂಗಗಳ ಅಭಿಪ್ರಾಯಗಳನ್ನು ತೂಗಿ ಕೂಡಿಸಿದ ಮಾತ್ರಕ್ಕೆ ನಿರ್ಣಯ ಕೊಡುವುದಾದರೆ, ಆಕೃತಿಯು ಅಖಂಡವೋ ಅಲ್ಲವೋ ಎಂಬುದನ್ನು ಎಲ್ಲ ಗಾತ್ರದ ಚೌಕಳಿಗಳಲ್ಲಿಯೂ ಹೇಳಲು ಅದಕ್ಕೆ ಅಸಾಧ್ಯ. ಇಂದಿನ ಬಹುಸ್ತರ ಜಾಲಗಳಿಗೆ ಈ ಪ್ರಮೇಯವು ನೇರವಾಗಿ ಅನ್ವಯಿಸದು. ಆದರೆ ಗ್ರಂಥದ ಹೊದಿಕೆಯ ಮೇಲಿನ ಸುರುಳಿಗಳು ನಮಗೆ ಬೇರೊಂದು ಪಾಠವನ್ನು ಹೇಳುತ್ತವೆ. ಒಂದು ಸುರುಳಿ ಒಂದೇ ಎಳೆಯದು, ಮತ್ತೊಂದು ಎರಡು ಎಳೆಗಳದು. ನಮ್ಮ ಕಣ್ಣಿಗೂ ಒಂದೇ ನೋಟಕ್ಕೆ ಈ ಭೇದ ತಿಳಿಯುವುದಿಲ್ಲ. ಬೆರಳಿಟ್ಟು ಗೆರೆಯ ಜಾಡನ್ನು ಹಿಡಿದು ಹೋಗಬೇಕು. ಮನೆಯಿಂದ ಮನೆಗೆ ಸಾಗಬಲ್ಲ ಸಾಮಾನ್ಯ ಗಣಕಯಂತ್ರವಾದರೋ ಇದನ್ನು ಸುಲಭವಾಗಿ ನಿರ್ಣಯಿಸುತ್ತದೆ. ಎಂದಮೇಲೆ, ಕಣ್ಣಿಗೆ ಒಂದು ನೋಟದ ಕೆಲಸವೆಂದು ನಾವು ಆರಂಭದಲ್ಲಿ ಹೇಳಿದ ಮಾತನ್ನು ಇಲ್ಲಿ ತಿದ್ದಿಕೊಳ್ಳುವುದು ಅವಶ್ಯ.

ಈ ಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೂ ಒಂದು ಸ್ಥಾನವುಂಟು. ಮದರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಇವರು 1972ರಲ್ಲಿ ಚಿತ್ರಭಾಷೆಗಳನ್ನು ಕುರಿತೂ, 1974ರಲ್ಲಿ ಚೌಕಳಿಯ ವ್ಯಾಕರಣ ಮತ್ತು ಕೋಲವನ್ನು ಕುರಿತೂ ಪ್ರಬಂಧಗಳನ್ನು ಪ್ರಕಟಿಸಿದರು. ವಾಕ್ಯಕ್ಕೆ ವ್ಯಾಕರಣವಿರುವಂತೆ ಚಿಹ್ನೆಗಳ ಚೌಕಳಿಗೂ ವ್ಯಾಕರಣವನ್ನು ವಿಧಿಸಬಹುದೆಂಬುದು ಅವರ ನಿಲುವು. ತಮಿಳರ ಕೋಲವು ನಮ್ಮ ಚುಕ್ಕಿ ರಂಗೋಲಿಯ ಒಡಹುಟ್ಟು. ಹೊಸಿಲ ಮುಂದೆ ಚುಕ್ಕಿಗಳನ್ನಿಟ್ಟು ಎಳೆಯನ್ನು ಸುತ್ತಿಸುವ ಗೃಹಿಣಿಯು, ಯಾವ ಚುಕ್ಕಿಗೆ ಯಾವುದು ನೆರೆ, ಎಳೆ ಎಲ್ಲಿ ಕೂಡಿಕೊಳ್ಳಬೇಕು ಎಂಬ ನಿಯಮಗಳನ್ನು ಬರವಣಿಗೆಯಿಲ್ಲದೆಯೇ ಪಾಲಿಸುತ್ತ ಬಂದಿದ್ದಾಳೆ.

ಒಟ್ಟಿನಲ್ಲಿ ಹೇಳುವುದಾದರೆ, ಆಕೃತಿಯು ಯಾವ ಒಂದು ಮನೆಯಲ್ಲಿಯೂ ಇರುವುದಿಲ್ಲ. ಅದು ಮನೆ ಮನೆಗಳ ಸಂಬಂಧದಲ್ಲಿರುತ್ತದೆ. ಆ ಸಂಬಂಧವನ್ನು ಮೊದಲು ನಿರ್ವಚಿಸಿ, ಅನಂತರ ತಾಳ್ಮೆಯಿಂದ ಅದರ ಜಾಡನ್ನು ಅನುಸರಿಸುವುದಲ್ಲದೆ ಬೇರೆ ದಾರಿಯಿಲ್ಲ. ಚೌಕಳಿಯ ಸಮಸ್ಯೆಯನ್ನು ಬಿಡಿಸಲು ಕುಳಿತ ವಿದ್ಯಾರ್ಥಿಯು ಲೇಖನಿಯನ್ನು ಹಿಡಿಯುವ ಮೊದಲು ನೆರೆ ಎಂದರೇನೆಂದು ತನ್ನನ್ನು ತಾನೇ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ ಸರಿ.