ಮನೆಯೂ ಅಲ್ಲ, ಲಾಡ್ಜೂ ಅಲ್ಲ: ಪಿ.ಜಿ. ಲೈಸೆನ್ಸಿನ ಹಿಂದಿನ ಕಥೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಓದು ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರ ಮೊದಲ ವಿಳಾಸ ಪಿ.ಜಿ.ಯ ಒಂದು ಮಂಚ. ಆ ಮಂಚದ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ಮಾತ್ರ ಬಹಳ ತಡವಾಗಿ.

ನಮ್ಮ ಹಿರಿಯರ ಕಾಲದಲ್ಲಿ ಓದಲು ಹೊರಟವರಿಗೆ ಮಠ, ಛತ್ರ, ಸಮುದಾಯದ ಹಾಸ್ಟೆಲುಗಳಿದ್ದವು. ಸಿದ್ಧಗಂಗೆಯಲ್ಲಿ ಊಟ, ವಸತಿ, ಓದು ಮೂರೂ ಉಚಿತ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ನಮ್ಮ ಜಿಲ್ಲೆಯ ಗುಬ್ಬಿಯ ಹೆಸರು ಹೊತ್ತ ತೋಟದಪ್ಪನವರ ಛತ್ರವಿತ್ತು. ಅಲ್ಲಿ ವಸತಿ ಎಂದರೆ ವ್ಯಾಪಾರವಾಗಿರಲಿಲ್ಲ.

ಬಾಡಿಗೆ ಕಾನೂನಿನ ಲೆಕ್ಕವೇ ಬೇರೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಮನೆ ಖಾಲಿಯಾದರೆ ಮಾಲೀಕರು ಕಂಟ್ರೋಲರಿಗೆ ತಿಳಿಸಬೇಕಿತ್ತು. ಆದರೆ ಹೋಟೆಲ್, ಲಾಡ್ಜಿನ ಕೋಣೆಗಳು ಅದರ ವ್ಯಾಪ್ತಿಗೆ ಬರಲಿಲ್ಲ. 2001ರ ಕೊನೆಗೆ ಜಾರಿಯಾದ 1999ರ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನೂ ಕೈಬಿಟ್ಟಿತು. ಐಟಿ ಕಂಪನಿಗಳ ಜೊತೆ ಪಿ.ಜಿ.ಗಳು ಬೆಳೆದದ್ದು ಇದೇ ಸಂದಿಯಲ್ಲಿ. ನೋಡಲು ಮನೆ, ನಡೆಸುವುದು ಲಾಡ್ಜಿನಂತೆ.

2024ರ ಜುಲೈನಲ್ಲಿ ಕೋರಮಂಗಲದ ಮಹಿಳಾ ಪಿ.ಜಿ.ಯೊಳಗೆ ಯುವತಿಯೊಬ್ಬರ ಕೊಲೆಯಾಯಿತು. ಮುಂದಿನ ತಿಂಗಳೇ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು. ತಲಾ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ದಿನವಿಡೀ ಕಾವಲುಗಾರ, ಬೆಂಕಿಯಿಂದ ರಕ್ಷಣೆ, ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ ಪರವಾನಗಿ. ಇವಿದ್ದರೆ ಮಾತ್ರ ಟ್ರೇಡ್ ಲೈಸೆನ್ಸ್.

ಈ 70 ಅಡಿಯ ಲೆಕ್ಕ ಮಾಡಿ ನೋಡೋಣ. ಹತ್ತಕ್ಕೆ ಹನ್ನೆರಡರ ಕೋಣೆ 120 ಚದರ ಅಡಿ. ನಿಯಮದಂತೆ ಅದು ಒಬ್ಬರಿಗಷ್ಟೇ. ಮೂರು ಮಂಚ ಹಾಕಬೇಕಾದರೆ 210 ಚದರ ಅಡಿ ಬೇಕು. ನಿಯಮ ನಿಜವಾಗಿ ಜಾರಿಯಾದರೆ ಮಂಚ ಕಡಿಮೆಯಾಗುತ್ತದೆ, ಬಾಡಿಗೆ ಏರುತ್ತದೆ. ಆ ಭಾರ ಬೀಳುವುದು ಪಾವಗಡದ ಶೇಂಗಾ ಬೆಳೆಗಾರರ ಮನೆಯ ಮೇಲೆ. ಜಾರಿಯಾಗದಿದ್ದರೆ ಮಕ್ಕಳ ಜೀವಕ್ಕೆ ಅಪಾಯ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಲೈಸೆನ್ಸ್ ನೋಡುವ ಹೊಣೆ ಈಗ ಅವುಗಳದು. ಛತ್ರದ ಕಾಲ ಮರಳಿ ಬರುವುದಿಲ್ಲ. ಆದರೆ ಮಾಲೀಕರ ಕೈಗೆ ಲೈಸೆನ್ಸ್ ಕೊಟ್ಟರಷ್ಟೇ ಸಾಲದು, ಕಡಿಮೆ ಬಾಡಿಗೆಯ ಸರ್ಕಾರಿ ಹಾಸ್ಟೆಲುಗಳೂ ಹೆಚ್ಚಬೇಕು. ಅಲ್ಲಿಯವರೆಗೆ ಮಕ್ಕಳನ್ನು ಬಿಡಲು ಹೋಗುವ ಅಪ್ಪ ಅಮ್ಮಂದಿರು ಅಡ್ವಾನ್ಸ್ ಕೊಡುವ ಮೊದಲು ಟ್ರೇಡ್ ಲೈಸೆನ್ಸ್ ತೋರಿಸಿ ಎಂದು ಕೇಳುವುದು ಒಳ್ಳೆಯದು.