ಬಟ್ಟೆ ಹೊದ್ದ ವಿಮಾನ, ಉಕ್ಕಿನ ಹಡಗು: ಸೋರ್ಡ್‌ಫಿಶ್ ಕಥೆ

ಐಟಿಯಲ್ಲಿರೋ ನಮಗೆಲ್ಲ ಒಂದು ಮಾತು ಚೆನ್ನಾಗಿ ಗೊತ್ತು: "ಓಡ್ತಾ ಇದೆಯಲ್ಲ, ಮುಟ್ಟಬೇಡ." ಹದಿನೈದು ವರ್ಷದ ಹಳೇ ಕೋಡ್ ನೋಡಿಕೊಳ್ಳೋ ಟೀಮಿನಲ್ಲಿ ನಾನಿದ್ದೀನಿ, ಈ ಮಾತನ್ನ ನಾನೂ ಎಷ್ಟೋ ಸಲ ಹೇಳಿದ್ದೀನಿ. ಇವತ್ತಿನ ಕಥೆ ಓದಿದ ಮೇಲೆ ಅಷ್ಟು ಸಲೀಸಾಗಿ ಹೇಳೋಕೆ ಆಗ್ತಿಲ್ಲ.

ಫೇರಿ ಸೋರ್ಡ್‌ಫಿಶ್ ಬ್ರಿಟಿಷ್ ನೌಕಾಪಡೆಯ ಟಾರ್ಪಿಡೊ ವಿಮಾನ. 1936ರಲ್ಲಿ ಸೇವೆಗೆ ಬಂತು. ಒಂದರ ಮೇಲೊಂದು ಎರಡು ರೆಕ್ಕೆ, ಲೋಹದ ಚೌಕಟ್ಟಿನ ಮೇಲೆ ಬಟ್ಟೆಯ ಹೊದಿಕೆ, ಮೇಲೆ ಮುಚ್ಚಳವೇ ಇಲ್ಲದ ಸೀಟುಗಳಲ್ಲಿ ಮೂರು ಜನ. ಗರಿಷ್ಠ ವೇಗ ಗಂಟೆಗೆ ಸುಮಾರು 220 ಕಿಲೋಮೀಟರ್. ಯುದ್ಧ ಶುರುವಾದಾಗ ಜರ್ಮನ್ ಫೈಟರ್‌ಗಳ ವೇಗ ಇದರ ಎರಡು ಪಟ್ಟಿಗಿಂತ ಹೆಚ್ಚು. ಏನು ತುಂಬಿದ್ರೂ ಹೊರುತ್ತೆ ಅಂತ ಪೈಲಟ್‌ಗಳು ಇದನ್ನ 'ಸ್ಟ್ರಿಂಗ್‌ಬ್ಯಾಗ್' ಅಂತಿದ್ರು. ಅಂದ್ರೆ ನಮ್ಮ ನೂಲಿನ ಸಂತೆ ಚೀಲ.

1940ರ ನವೆಂಬರ್ 11ರ ರಾತ್ರಿ ಇಲಸ್ಟ್ರಿಯಸ್ ಎಂಬ ವಿಮಾನವಾಹಕ ನೌಕೆಯಿಂದ 21 ಸೋರ್ಡ್‌ಫಿಶ್‌ಗಳು ಇಟಲಿಯ ಟರಾಂಟೊ ಬಂದರಿನ ಮೇಲೆ ದಾಳಿ ಮಾಡಿದ್ವು. ಟಾರ್ಪಿಡೊ ಹೊತ್ತಿದ್ದು 11 ಮಾತ್ರ, ಉಳಿದವುಗಳಲ್ಲಿ ಬಾಂಬ್ ಮತ್ತು ಬೆಳಕಿನ ಫ್ಲೇರ್‌ಗಳು. ಬೆಳಗಾಗೋಷ್ಟರಲ್ಲಿ ಮೂರು ದೊಡ್ಡ ಯುದ್ಧನೌಕೆಗಳು ಕೆಲಸಕ್ಕೆ ಬಾರದ ಹಾಗಾಗಿದ್ವು. ಬ್ರಿಟಿಷರು ಕಳೆದುಕೊಂಡಿದ್ದು ಎರಡೇ ವಿಮಾನ.

ಮುಂದಿನ ವರ್ಷ ಬಿಸ್ಮಾರ್ಕ್. 1941ರ ಮೇ 24ರಂದು ಈ ಜರ್ಮನ್ ಹಡಗು ಬ್ರಿಟನ್ನಿನ ಹುಡ್ ನೌಕೆಯನ್ನ ಮುಳುಗಿಸಿತು; ಅದರಲ್ಲಿದ್ದ 1,418 ಜನರಲ್ಲಿ ಉಳಿದದ್ದು ಮೂವರು. ಎರಡು ದಿನದ ನಂತರ ಆರ್ಕ್ ರಾಯಲ್ ನೌಕೆಯಿಂದ ಹಾರಿದ ಸೋರ್ಡ್‌ಫಿಶ್‌ಗಳು ಮೊದಲು ತಮ್ಮದೇ ಶೆಫೀಲ್ಡ್ ಹಡಗನ್ನ ಬಿಸ್ಮಾರ್ಕ್ ಅಂದುಕೊಂಡು ಟಾರ್ಪಿಡೊ ಬಿಟ್ಟುಬಿಟ್ವು! ಪುಣ್ಯಕ್ಕೆ ಒಂದೂ ತಗುಲಲಿಲ್ಲ. ಕೆಲವು ನೀರಿಗೆ ಬಿದ್ದ ಕೂಡಲೇ ಸಿಡಿದವು. ಮ್ಯಾಗ್ನೆಟಿಕ್ ಸ್ಫೋಟಕ ಸಾಧನದಲ್ಲೇ ದೋಷ ಅಂತ ಗೊತ್ತಾಯ್ತು. ಡಿಕ್ಕಿ ಹೊಡೆದಾಗ ಸಿಡಿಯೋ ಹಳೇ ಸಾಧನ ಹಾಕಿ, ಸಂಜೆ ಮತ್ತೆ 15 ವಿಮಾನ ಹೊರಟ್ವು. ಒಂದು ಟಾರ್ಪಿಡೊ ಬಿಸ್ಮಾರ್ಕ್‌ನ ಹಿಂಭಾಗಕ್ಕೆ ಬಡಿದು ಚುಕ್ಕಾಣಿ ಸಿಕ್ಕಿಹಾಕಿಕೊಳ್ತು. ದಿಕ್ಕು ಹಿಡಿಯಲಾಗದ ಹಡಗನ್ನ ಮರುದಿನ ಬೆಳಿಗ್ಗೆ ಬ್ರಿಟಿಷ್ ನೌಕೆಗಳು ಮುಗಿಸಿದ್ವು.

ಸಾಮಾನ್ಯವಾಗಿ ಕಥೆ ಇಲ್ಲಿಗೇ ನಿಲ್ಲುತ್ತೆ, ನಾವು "ಓಲ್ಡ್ ಈಸ್ ಗೋಲ್ಡ್" ಅಂತೀವಿ. ಆದರೆ ಒಂಬತ್ತು ತಿಂಗಳಾದ ಮೇಲೆ ಏನಾಯ್ತು ನೋಡಿ.

1942ರ ಫೆಬ್ರವರಿ 12. ಷಾರ್ನ್‌ಹಾರ್ಸ್ಟ್, ನೈಸೆನೌ, ಪ್ರಿನ್ಸ್ ಯೂಜೆನ್ ಎಂಬ ಮೂರು ಜರ್ಮನ್ ಹಡಗುಗಳು ಹಾಡಹಗಲೇ ಇಂಗ್ಲಿಷ್ ಕಾಲುವೆ ದಾಟುತ್ತಿದ್ವು. ತಡೆಯೋಕೆ ಹೋದದ್ದು ಆರು ಸೋರ್ಡ್‌ಫಿಶ್. ನಾಯಕ ಯೂಜೀನ್ ಎಸ್ಮಂಡ್. ಬಿಸ್ಮಾರ್ಕ್ ಮೇಲಿನ ಮೊದಲ ಟಾರ್ಪಿಡೊ ದಾಳಿ ನಡೆಸಿದ್ದೂ ಇದೇ ಮನುಷ್ಯ. ಐದು ಸ್ಕ್ವಾಡ್ರನ್ ಫೈಟರ್‌ಗಳ ಬೆಂಗಾವಲು ಕೊಡ್ತೀವಿ ಅಂದಿದ್ರು. ಹೊತ್ತಿಗೆ ಸರಿಯಾಗಿ ಬಂದದ್ದು ಒಂದೇ, ಹತ್ತು ಸ್ಪಿಟ್‌ಫೈರ್. ಕಾಯೋಕೆ ಸಮಯವಿಲ್ಲ, ಎಸ್ಮಂಡ್ ಹೊರಟೇಬಿಟ್ರು. ಆರಕ್ಕೆ ಆರೂ ಬಿದ್ದವು. ಹದಿನೆಂಟು ಜನರಲ್ಲಿ ಹದಿಮೂರು ಜನ ಸತ್ತರು, ಎಸ್ಮಂಡ್ ಕೂಡ. ಒಂದು ಟಾರ್ಪಿಡೊನೂ ಗುರಿ ಮುಟ್ಟಲಿಲ್ಲ. ಎಸ್ಮಂಡ್‌ಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಕೊಟ್ಟರು.

ಅದೇ ವಿಮಾನ, ಅದೇ ಧೈರ್ಯ. ಬದಲಾಗಿದ್ದು ಸುತ್ತಲಿನ ಪರಿಸ್ಥಿತಿ. ಟರಾಂಟೊದಲ್ಲಿ ಕತ್ತಲೆಯ ಮರೆ ಇತ್ತು. ಅಟ್ಲಾಂಟಿಕ್ ನಡುವೆ ಬಿಸ್ಮಾರ್ಕ್ ಕಾಯೋಕೆ ಒಂದೂ ಫೈಟರ್ ಇರಲಿಲ್ಲ. ಬಿರುಗಾಳಿಗೆ ಏರಿಳಿಯುತ್ತಿದ್ದ ಡೆಕ್‌ನಿಂದ ಹಾರೋಕೆ ಈ ವಿಮಾನದ ನಿಧಾನವೇ ನೆರವಾಯ್ತು. ಕಾಲುವೆಯಲ್ಲಿ ಹಗಲು, ತಲೆಯ ಮೇಲೆ ಜರ್ಮನ್ ಫೈಟರ್‌ಗಳ ಹಿಂಡು. ಟಾರ್ಪಿಡೊ ಬಿಡಬೇಕಾದ್ರೆ ನೀರಿಗೆ ಹತ್ತಿರ, ನೇರವಾಗಿ, ನಿಧಾನವಾಗಿ ಹಾರಲೇಬೇಕು. ಅಲ್ಲಿ ಆ ನಿಧಾನವೇ ಪ್ರಾಣ ತೆಗೀತು.

ಆಮೇಲೂ ಸೋರ್ಡ್‌ಫಿಶ್ ಮೂಲೆಗೆ ಬೀಳಲಿಲ್ಲ. ರೇಡಾರ್, ರಾಕೆಟ್ ಹೊತ್ತು ಅಟ್ಲಾಂಟಿಕ್‌ನಲ್ಲಿ ಜಲಾಂತರ್ಗಾಮಿಗಳನ್ನ ಬೇಟೆಯಾಡ್ತು. ಅದರ ಜಾಗಕ್ಕೆ ಅಂತ ಬಂದ ಆಲ್ಬಕೋರ್ ನಿವೃತ್ತಿಯಾದರೂ ಇದು 1945ರವರೆಗೆ ಹಾರಾಡ್ತು. ತಕ್ಕ ಕೆಲಸ ಸಿಕ್ಕಿತ್ತು, ಅಷ್ಟೇ.

ಈಗ ನಮ್ಮ ಹಳೇ ಕೋಡ್ ನೋಡಿದಾಗ ನನಗೆ ಆ ಹದಿಮೂರು ಜನ ನೆನಪಾಗ್ತಾರೆ. ಓಡ್ತಾ ಇದೆ ನಿಜ. ಯಾವ ಕತ್ತಲೆಯ ಮರೆಯಲ್ಲಿ ಓಡ್ತಾ ಇದೆ ಅಂತ ಯಾರಾದ್ರೂ ಕೇಳಿದ್ದೀವಾ? ನಮ್ಮದಾದ್ರೆ ಬರೀ ಸರ್ವರ್ ಬೀಳುತ್ತೆ.